ದೂರವೆಂಬ ನೆವ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಅತಿ ಹತ್ತಿರದ ಆಕಾಶ ಮಾರ್ಗ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಇರುವುದರಿಂದ ಯಾವ ಎರಡು ಊರುಗಳೂ ಒಂದಕ್ಕೊಂದು 20,000 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿ ಇರಲಾರವು. ಹಾಗೆ ನೋಡಿದರೆ ಇವೆರಡು ನಿಲ್ದಾಣಗಳು ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು, ಈಚೆ ಮಗ್ಗುಲು. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಈ ದಾರಿಯನ್ನು ನಡುವೆ ಎಲ್ಲೂ ಇಳಿಯದೆ ಮೊದಲ ಬಾರಿಗೆ ಹಾರಿ ಮುಗಿಸಿತು. ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಅವರ ಸಂಗಡಿಗ ಪೈಲಟ್‌ಗಳು, ಎಲ್ಲರೂ ಮಹಿಳೆಯರೇ, ಉತ್ತರ ಧ್ರುವದ ಕಡೆಯಿಂದ ಸುತ್ತಿ ಅದನ್ನು ಬೆಂಗಳೂರಿಗೆ ತಂದರು. 9ನೇ ತಾರೀಕಿನ ರಾತ್ರಿ ಅಲ್ಲಿ ಹೊರಟವರು 11ರ ನಸುಕಿನಲ್ಲಿ ಇಲ್ಲಿ ಇಳಿದರು. ಎರಡೂ ಕಡೆಯ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಯ ಅಂತರ ಇರುವುದರಿಂದ ಹಾಗೆ ಕಾಣುತ್ತದೆ. ಹಾರಿದ್ದು ಸುಮಾರು 17 ಗಂಟೆ.

ಆ ವಿಮಾನದಿಂದ ಇಳಿದ ಮಗನೊಬ್ಬ ಜತ್ತ ತಾಲೂಕಿನ ಉಮದಿಗೋ ಸಂಖಕ್ಕೋ ಹೋಗಬೇಕೆಂದು ಇಟ್ಟುಕೊಳ್ಳೋಣ. ದೇವನಹಳ್ಳಿಯಿಂದ ಬೆಂಗಳೂರಿನ ಪೇಟೆಗೆ, ಅಲ್ಲಿಂದ ವಿಜಯಪುರದ ರಾತ್ರಿ ಬಸ್ಸು ಇಲ್ಲವೇ ಗೋಲಗುಂಬಜ್ ಎಕ್ಸ್‌ಪ್ರೆಸ್, ವಿಜಯಪುರದಿಂದ ಬೆಳಗಿನ ಬಸ್ಸು ಅಥವಾ ಊರಿನವರು ಯಾರಾದರೂ ತಂದ ಜೀಪು. ಸುಮಾರು 600 ಕಿ.ಮೀ. ದಾರಿ. ಕಾಯುವುದೂ ಸೇರಿದರೆ 13-14 ಗಂಟೆ ಎಲ್ಲೂ ಹೋಗಲಿಲ್ಲ. 14,000 ಕಿ.ಮೀ.ಗೆ 17 ಗಂಟೆ, ಕಡೆಯ 600 ಕಿ.ಮೀ.ಗೆ 14 ಗಂಟೆ! ನಮ್ಮ ಊರುಗಳು ಅಮೆರಿಕಕ್ಕೇನೋ ಹತ್ತಿರ, ಬೆಂಗಳೂರಿಗೇ ದೂರ ಎಂದು ತಮಾಷೆಗೆ ಹೇಳಬಹುದು.

ಏನೇ ಇರಲಿ, ಒಟ್ಟು ಲೆಕ್ಕ ಒಂದೂವರೆ ದಿನ. ಈ ಒಂದೂವರೆ ದಿನವೇ ನಮ್ಮನ್ನು ಯೋಚನೆಗೆ ಹಚ್ಚಿದ್ದು. ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ. ಒಂದೂವರೆ ದಿನದ ದಾರಿಯಲ್ಲಿರುವ ಮಗ “ಭಾಳ ದೂರ ಆಗ್ತದವ್ವಾ” ಎನ್ನುತ್ತಾನೆ. ಅದನ್ನು ನಾವು ಕಾರಣ ಎಂದು ಒಪ್ಪಬೇಕೋ, ನೆವ ಎಂದು ತಳ್ಳಬೇಕೋ?

ಹಿಂದೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರ್ 1541ರ ಏಪ್ರಿಲ್ 7ರಂದು ಲಿಸ್ಬನ್ ಬಿಟ್ಟವರು ಗೋವೆಯನ್ನು ಮುಟ್ಟಿದ್ದು 1542ರ ಮೇ 6ಕ್ಕೆ, ಹದಿಮೂರು ತಿಂಗಳಿಗೆ. ಅದರಲ್ಲಿ ಎಷ್ಟೋ ತಿಂಗಳು ಮೊಜಾಂಬಿಕ್‌ನಲ್ಲಿ ಅನುಕೂಲದ ಗಾಳಿಗಾಗಿ ಕಾಯುವುದರಲ್ಲೇ ಹೋಯಿತು. 1553ರ ಜೂನ್ ತಿಂಗಳಲ್ಲಿ ಸಂತ ಇಗ್ನೇಷಿಯಸ್ ರೋಮಿನಿಂದ ಅವರಿಗೆ ಪತ್ರ ಬರೆದು, ಯೂರೋಪಿಗೆ ಮರಳಿ ಬರುವಂತೆ ಹೇಳಿದರು. ಆ ಪತ್ರದ ಶಾಯಿ ಒಣಗುವ ಹೊತ್ತಿಗೆ ಕ್ಸೇವಿಯರ್ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡು ಆರು ತಿಂಗಳು ಮೇಲಾಗಿತ್ತು. ಅಷ್ಟು ಪ್ರೀತಿಸಿದ ಗೆಳೆಯ ಸತ್ತದ್ದೇ ಇಗ್ನೇಷಿಯಸರಿಗೆ ತಿಳಿದಿರಲಿಲ್ಲ. ಅದಕ್ಕಾಗಿ ಅವರನ್ನು ಯಾರೂ ದೂರಲಿಲ್ಲ. ದೂರ ಎಂಬುದೇ ಎಲ್ಲ ದೂರುಗಳನ್ನೂ ನುಂಗಿಕೊಳ್ಳುತ್ತಿದ್ದ ಕಾಲ ಅದು.

ನಮ್ಮ ಸೀಮೆಯ ಮಟ್ಟಿಗೆ ಹೇಳುವುದಾದರೆ ದೂರ ಕರಗತೊಡಗಿದ್ದು 1932ರ ಅಕ್ಟೋಬರ್ 15ರಿಂದ ಎನ್ನಬಹುದು. ಅಂದು ಜೆ.ಆರ್.ಡಿ. ಟಾಟಾ ಪುಟ್ಟ ವಿಮಾನವೊಂದರಲ್ಲಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಅಂಚೆ ಚೀಲ ತಂದರು. ಅಲ್ಲಿಂದ ಮುಂದಕ್ಕೆ ಅವರ ಗೆಳೆಯ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಭೂಪಟದ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆದು ನೋಡಿರಿ: ಅದು ಜತ್ತದ ಸಮೀಪದಲ್ಲೇ ಹಾಯುತ್ತದೆ. ಕೆಳಗೆ ಜೋಳದ ಹೊಲದಲ್ಲಿ ನಿಂತವರಿಗೆ ಆ ಚೀಲದಲ್ಲಿ ತಮ್ಮ ಹೆಸರಿನ ಕಾಗದ ಇರಲಿಲ್ಲ ಎನ್ನುವುದು ಬೇರೆ ಮಾತು. ಆಕಾಶದಲ್ಲಿ ದಾರಿ ಬಂದ ಮಾತ್ರಕ್ಕೆ ನೆಲದ ಮೇಲಿರುವವನಿಗೆ ದಾರಿ ಬಂದಂತಾಗುವುದಿಲ್ಲ. ಈ ಮಾತಿಗೆ ಮತ್ತೆ ಬರುತ್ತೇವೆ.

ಅಸಾಧ್ಯವಾದುದನ್ನು ಮಾಡೆಂದು ಯಾರನ್ನೂ ಕಟ್ಟುಪಡಿಸಲಾಗದು ಎನ್ನುವುದು ಕಾನೂನಿನಲ್ಲೂ ಧರ್ಮಶಾಸ್ತ್ರದಲ್ಲೂ ಹಳೆಯ ತತ್ವ. ಲಿಸ್ಬನ್ನಿನಿಂದ ಗೋವೆಗೆ ವಾರದೊಳಗೆ ಬರುವುದು ಅಸಾಧ್ಯವಾಗಿತ್ತು; ಆದ್ದರಿಂದ ಬಾರದವನ ಮೇಲೆ ತಪ್ಪಿಲ್ಲ. ಈಗ ಸಾಧ್ಯವಾಗಿದೆ. ಹಾಗಾದರೆ ವಿಮಾನ ನಮಗೆ ಸೌಕರ್ಯದ ಜತೆಗೆ ಹೊಸದೊಂದು ಕರ್ತವ್ಯವನ್ನೂ ಹೊತ್ತು ತಂದಿತೇ? ಹೌದು ಎನ್ನುವವರಲ್ಲಿ ತತ್ವಜ್ಞಾನಿ ಪೀಟರ್ ಸಿಂಗರ್ ಹೆಸರುವಾಸಿ. ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ನಿರಾಶ್ರಿತರು ಭಾರತಕ್ಕೆ ಬರುತ್ತಿದ್ದಾಗ ಬರೆದು 1972ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಅವರು, ಕಣ್ಣೆದುರಿನ ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಎತ್ತುವುದು ಎಷ್ಟು ಕರ್ತವ್ಯವೋ, ಸಾವಿರಾರು ಮೈಲಿಯಾಚೆ ಹಸಿದವನಿಗೆ ನೆರವಾಗುವುದೂ ಅಷ್ಟೇ ಕರ್ತವ್ಯ ಎಂದು ವಾದಿಸಿದರು. ಅಂತರ ಎನ್ನುವುದು ನೀತಿಯ ತಕ್ಕಡಿಯಲ್ಲಿ ತೂಗುವ ವಸ್ತುವೇ ಅಲ್ಲ ಎಂಬುದು ಅವರ ನಿಲುವು.

ಇದಕ್ಕಿಂತ ಒಂದೂವರೆ ಸಾವಿರ ವರ್ಷ ಹಿಂದೆ ಸಂತ ಅಗಸ್ತೀನರು ಇದೇ ವಿಷಯವನ್ನು ಬೇರೆ ರೀತಿ ನೋಡಿದ್ದರು. ಎಲ್ಲರನ್ನೂ ಪ್ರೀತಿಸಬೇಕು, ಆದರೆ ಎಲ್ಲರಿಗೂ ಉಪಕಾರ ಮಾಡಲು ಒಬ್ಬನಿಂದ ಆಗದು. ಸ್ಥಳ, ಕಾಲ, ಸಂದರ್ಭ ಯಾರನ್ನು ನಿನ್ನ ಬಳಿ ತಂದಿಟ್ಟಿವೆಯೋ ಅವರನ್ನು ಚೀಟಿ ಎತ್ತಿದಾಗ ನಿನಗೆ ಬಂದವರು ಎಂದು ತಿಳಿ ಎನ್ನುವುದು ಅವರ ಸಲಹೆಯ ಸಾರ. ಸಂತ ಥಾಮಸ್ ಅಕ್ವಿನಾಸ್ ಹತ್ತಿರದವರಿಗೆ ಮೊದಲ ಸ್ಥಾನ ಕೊಟ್ಟರೂ ಒಂದು ಬಾಗಿಲನ್ನು ತೆರೆದಿಟ್ಟರು: ಪರಕೀಯನೊಬ್ಬ ಪ್ರಾಣಸಂಕಟದಲ್ಲಿದ್ದರೆ, ಅಂಥ ಸಂಕಟ ಇಲ್ಲದ ಸ್ವಂತ ತಂದೆಗಿಂತ ಅವನಿಗೇ ಮೊದಲು ನೆರವಾಗಬೇಕಾದೀತು. ನಮಗೆ ಈ ಇಬ್ಬರ ಮಾತು ಸಿಂಗರರದಕ್ಕಿಂತ ಬದುಕಿಗೆ ಹತ್ತಿರ ಎನಿಸುತ್ತದೆ. ಆದರೆ ಅವರ ಕಾಲದಲ್ಲಿ ಹತ್ತಿರ ಯಾವುದು, ದೂರ ಯಾವುದು ಎಂದು ಕೇಳಬೇಕಾಗಿರಲಿಲ್ಲ. ಈಗ ಅಲ್ಲಿಂದಲೇ ಶುರು ಮಾಡಬೇಕು.

ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಅದು ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಮೇಲೆ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಿಕ್ಕು ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹೊರಟಿತು. ಸುಮಾರು 15,300 ಕಿ.ಮೀ. ದಾರಿ 1,400 ಕಿ.ಮೀ. ಬೆಳೆಯಿತು, ಸಮಯ ಮಾತ್ರ ಎರಡು ಗಂಟೆಯಷ್ಟು ಇಳಿಯಿತು. ಕಾರಣ ಗಾಳಿ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಹೊಳೆ ಹರಿಯುತ್ತಿರುತ್ತದೆ; ಎದುರಾಗಿ ಹೋದರೆ ತಡೆಯುತ್ತದೆ, ಜತೆಗೆ ಹೋದರೆ ದೂಡುತ್ತದೆ. ಉದ್ದದ ದಾರಿಯೇ ಬೇಗನೆ ಮುಟ್ಟಿಸಿತು.

ಇನ್ನೊಂದು ಉದಾಹರಣೆಯಲ್ಲಿ ಗಾಳಿಯ ಪಾತ್ರ ಇಲ್ಲ. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಬಳಸಿಕೊಂಡು ಹೋಗಬೇಕಾಯಿತು. ಅಮೆರಿಕಕ್ಕೆ ಹೋಗುವ ಕೆಲವು, ನಡುವೆ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ನಿಲ್ದಾಣಗಳು ಇದ್ದಲ್ಲೇ ಇದ್ದವು. ಭೂಮಿ ಒಂದು ಗೇಣೂ ಹಿಗ್ಗಲಿಲ್ಲ. ಆದರೂ ಒಂದು ರಾತ್ರಿಯಲ್ಲಿ ಊರುಗಳು ಗಂಟೆಗಳಷ್ಟು ದೂರ ಸರಿದವು. ಮನುಷ್ಯರು ಎಳೆದ ಗೆರೆ ಸರಿಸಿದ ದೂರ ಅದು.

ಗೆರೆ ಎಳೆದ ದೂರ ಹೇಗಿರುತ್ತದೆಂದು ಜತ್ತದವರಿಗೆ ಯಾರೂ ಕಲಿಸಬೇಕಾಗಿಲ್ಲ. ಉಮದಿಯ ಕಡೆಯವರಿಗೆ ವಿಜಯಪುರ ಐವತ್ತು ಅರವತ್ತು ಕಿ.ಮೀ.; ಅವರ ಜಿಲ್ಲಾಸ್ಥಳವಾದ ಸಾಂಗ್ಲಿ ಅದರ ದುಪ್ಪಟ್ಟಿಗಿಂತ ಹೆಚ್ಚು. ಸಂತೆ, ಆಸ್ಪತ್ರೆ, ಬೀಗತನ ಎಲ್ಲ ಪೂರ್ವಕ್ಕೆ. ಕಚೇರಿ, ದಾಖಲೆ, ಸಹಿ ಎಲ್ಲ ಪಶ್ಚಿಮಕ್ಕೆ. ಮಾತು ಕನ್ನಡ, ಅರ್ಜಿ ಮರಾಠಿ. 1967ರ ಮಹಾಜನ್ ಆಯೋಗದ ವರದಿ ಜತ್ತದ ಕನ್ನಡ ಭಾಗವನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತ್ತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ. 2022ರ ಕೊನೆಯಲ್ಲಿ ಜತ್ತದ ಹೆಸರು ಮತ್ತೆ ಎರಡೂ ರಾಜ್ಯಗಳ ರಾಜಕೀಯದಲ್ಲಿ ಜೋರಾಗಿ ಕೇಳಿಬಂತು. ಗಡಿ ಎಲ್ಲಿರಬೇಕೆಂಬ ಜಗಳಕ್ಕೆ ನಾವಿಲ್ಲಿ ಕೈ ಹಾಕುವುದಿಲ್ಲ. ಬರಗಾಲದ ಹಳ್ಳಿಯ ಜನ ಆಗ ಕೇಳಿದ್ದು ಮುಖ್ಯವಾಗಿ ನೀರನ್ನು. ನಾವು ಹೇಳುವುದು ಇಷ್ಟೇ: ಕಿ.ಮೀ. ಕಲ್ಲು ತೋರಿಸುವ ದೂರ ಒಂದು, ಮನುಷ್ಯ ನಿಜವಾಗಿ ನಡೆಯಬೇಕಾದ ದೂರ ಇನ್ನೊಂದು.

ಈಗ ಮೂವರು ಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಮೂವರ ತಾಯಂದಿರೂ ಒಂದೇ ಓಣಿಯಲ್ಲಿ ಹಾಸಿಗೆ ಹಿಡಿದಿದ್ದಾರೆ.

ಒಬ್ಬ ಅಮೆರಿಕದಲ್ಲಿದ್ದಾನೆ. 14,000 ಕಿ.ಮೀ. ಕೈಯಲ್ಲಿ ಹಣ ಇದೆ, ರಜೆ ಕೇಳಿದರೆ ಸಿಗಬಹುದು. ಆದರೆ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಊರಿಗೆ ಬಂದವನು ಮತ್ತೆ ಮುದ್ರೆ ಹಾಕಿಸಿಕೊಳ್ಳದೆ ಹಿಂತಿರುಗುವಂತಿಲ್ಲ. ಆ ಭಯ ನಿಜವಾದದ್ದು. ಹೆಂಡತಿ, ಶಾಲೆಗೆ ಹೋಗುವ ಮಕ್ಕಳು ಅಲ್ಲಿದ್ದರೆ ಅದನ್ನು ಸಣ್ಣದೆನ್ನಲಾಗದು.

ಎರಡನೆಯವನು ಕೊಲ್ಲಿಯಲ್ಲಿ ಕೂಲಿ. ಮುಂಬಯಿಯಿಂದ ದುಬೈ 2,000 ಕಿ.ಮೀ.ಗಿಂತ ಕಡಿಮೆ, ಮೂರು ಗಂಟೆ ಚಿಲ್ಲರೆಯ ಹಾರಾಟ. ಮೊದಲನೆಯವನಿಗಿಂತ ಏಳು ಪಟ್ಟು ಹತ್ತಿರ. ಆದರೆ ಅವನ ರಜೆ ಮಾಲೀಕನ ಕೈಯಲ್ಲಿ, ಟಿಕೆಟ್ಟಿನ ಹಣ ಎಷ್ಟೋ ತಿಂಗಳ ಉಳಿತಾಯ. ಕತಾರಿನಲ್ಲಂತೂ 2018ರವರೆಗೆ ಬಹುಪಾಲು ವಲಸೆ ಕಾರ್ಮಿಕರು ದೇಶ ಬಿಟ್ಟು ಹೊರಡುವುದಕ್ಕೇ ಮಾಲೀಕನ ಅನುಮತಿ ಪಡೆಯಬೇಕಿತ್ತು. ಮನೆಗೆಲಸದವರಿಗೆ ಆ ಕಟ್ಟಳೆ ಸಡಿಲವಾದದ್ದು 2020ರಲ್ಲಿ. ಅನುಮತಿ ಸಿಗದ ದಿನ ಮೂರು ಗಂಟೆಯ ದಾರಿ ಕ್ಸೇವಿಯರರ ಹದಿಮೂರು ತಿಂಗಳಿಗಿಂತ ಉದ್ದ.

ಮೂರನೆಯವನು ವಿಮಾನ ಹತ್ತಿದವನಲ್ಲ. ಹೆಂಡತಿಯ ಸಂಗಡ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕೃಷ್ಣಾ ದಂಡೆಯ ಯಾವುದೋ ಸಕ್ಕರೆ ಕಾರ್ಖಾನೆಯ ಕಡೆ ಗುಡಿಸಲು ಹಾಕಿದ್ದಾನೆ. ದೂರ ನೂರೈವತ್ತು ಕಿ.ಮೀ. ಒಂದು ಹಗಲಿನ ಬಸ್ಸು. ಆದರೆ ಮಳೆಗಾಲದಲ್ಲೇ ಮುಕಾದಮನಿಂದ ಉಚಲ್ ಹಣ ಎತ್ತಿದ್ದಾನೆ, ಅದು ತೀರುವವರೆಗೆ ಸೀಜನ್ ಬಿಟ್ಟು ಹೊರಡುವ ಹಾಗಿಲ್ಲ. ಮೂವರಲ್ಲಿ ಇವನೇ ಹತ್ತಿರದವನು, ಬಿಡಿಸಿಕೊಂಡು ಬರುವುದು ಎಲ್ಲರಿಗಿಂತ ಕಷ್ಟವಾದವನೂ ಇವನೇ.

ಇವರ ಬಗ್ಗೆ ಊರು ಏನು ಹೇಳುತ್ತದೆ? ಅಮೆರಿಕದವನು ಬರದಿದ್ದರೆ “ಪಾಪ, ಎಷ್ಟು ದೂರ” ಎನ್ನುತ್ತದೆ. ಕೊಲ್ಲಿಯವನಿಗೆ “ರೊಕ್ಕದ ಆಸೆ” ಎನ್ನುತ್ತದೆ. ಕಬ್ಬಿನವನಿಗೆ “ಇಲ್ಲೇ ಇದ್ದು ಬರಲಿಲ್ಲ ನೋಡು” ಎಂದು ಉಗಿಯುತ್ತದೆ. ಕಿ.ಮೀ. ಲೆಕ್ಕದಲ್ಲಿ ತೀರ್ಪು ಕೊಟ್ಟರೆ ಹೀಗೇ ತಲೆಕೆಳಗಾಗುತ್ತದೆ. ಯಾರಿಗೆ ಬರಲು ಹೆಚ್ಚು ಸಾಧ್ಯವೋ ಅವನಿಗೆ ಕ್ಷಮೆ, ಯಾರ ಕಾಲಿಗೆ ಸರಪಳಿ ಇದೆಯೋ ಅವನಿಗೆ ಬೈಗುಳ.

ಕ್ಸೇವಿಯರರ ಕಾಲದ ದೂರ ಕಡಲಿನದು, ಗಾಳಿಯದು. ಅದನ್ನು ಯಾರ ತಲೆಗೂ ಕಟ್ಟುವಂತಿರಲಿಲ್ಲ. ಇಂದು ಉಳಿದಿರುವ ದೂರದ ಬಹುಪಾಲು ಮನುಷ್ಯರು ಮಾಡಿದ್ದು: ರಜೆ ಕೊಡದ ಮಾಲೀಕ, ಸಾಲದ ಉಚಲ್, ವೀಸಾದ ಸಾಲು, ಮುಚ್ಚಿದ ಆಕಾಶ, ತಿಳಿಯದ ಭಾಷೆಯ ಅರ್ಜಿ. ವಿಮಾನ ಬಂದ ಮೇಲೆ ತಪ್ಪು ಇಲ್ಲವಾಗಲಿಲ್ಲ. ಅದು ಸಮುದ್ರವನ್ನು ಬಿಟ್ಟು ಮನುಷ್ಯರ ಹೆಗಲಿಗೆ ಬಂತು. ಆ ಹೆಗಲು ಯಾವಾಗಲೂ ಮಗನದೇ ಆಗಿರಬೇಕಿಲ್ಲ. ತಾಯಿ ಸಾಯುತ್ತಿರುವಾಗಲೂ ಎಂಟು ದಿನ ಬಿಡದ ಮುಕಾದಮ, ಆ ಎಂಟು ದಿನದ ಕೂಲಿ ನಷ್ಟವನ್ನು ತಾನು ತುಂಬಬಹುದಾಗಿದ್ದೂ ತುಂಬದ ಶ್ರೀಮಂತ ತಮ್ಮ, ಇವರೂ ಲೆಕ್ಕಕ್ಕೆ ಬರುತ್ತಾರೆ.

ಹಾಗೆಂದು ಮಗನನ್ನು ಪೂರ್ತಿ ಬಿಟ್ಟುಬಿಡಲೂ ನಮಗೆ ಮನಸ್ಸಿಲ್ಲ. ಅವನ ಕಷ್ಟ ಕಾರಣವೋ ನೆವವೋ ಎಂದು ತಿಳಿಯಲು ಒಂದು ಸರಳ ದಾರಿ ಇದೆ. ಅವನು ಯಾವುದಕ್ಕೆ ಬಂದಿದ್ದಾನೆ ಎಂದು ನೋಡುವುದು. ಗೆಳೆಯನ ಮದುವೆಗೆ ಬಂದವನಿಗೆ, ಸೈಟು ರಿಜಿಸ್ಟರ್ ಮಾಡಿಸಲು ಬಂದವನಿಗೆ, ತಾಯಿಯ ಆಪರೇಷನ್ನಿಗೆ ಮಾತ್ರ ದಾರಿ ದೂರವಾದರೆ ಆ ದೂರ ಭೂಗೋಳದ್ದಲ್ಲ.

ನಮ್ಮ ಸೀಮೆಯಲ್ಲಿ ಕಾಣುವ ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ಜನ ಮಣ್ಣಿಗೆ ಬರುತ್ತಾರೆ, ಮಂಚಕ್ಕೆ ಬರುವುದಿಲ್ಲ. ಸಾವಿನ ಸುದ್ದಿ ತಲುಪಿದ ಗಳಿಗೆಗೆ ಟಿಕೆಟ್ಟು ಸಿಗುತ್ತದೆ, ರಜೆ ಸಿಗುತ್ತದೆ, ಸಾಲವೂ ಸಿಗುತ್ತದೆ. ಅದೇ ಟಿಕೆಟ್ಟು ತಿಂಗಳ ಹಿಂದೆ, ತಾಯಿ ಇನ್ನೂ ಗುರುತು ಹಿಡಿಯುತ್ತಿದ್ದಾಗ, “ಮುಂದಿನ ವರ್ಷ ನೋಡೋಣ” ಆಗಿತ್ತು. ಇದು ಬರೀ ಮಕ್ಕಳ ತಪ್ಪೂ ಅಲ್ಲ. ಸಾವಿಗೆ ಬಾರದವನನ್ನು ಊರು ಮರೆಯುವುದಿಲ್ಲ, ಕಾಯಿಲೆಗೆ ಬಾರದವನನ್ನು ಊರು ಗಮನಿಸುವುದೇ ಇಲ್ಲ. ಮಾಲೀಕರೂ ಹಾಗೆಯೇ: ಸತ್ತರೆ ಬಿಡುತ್ತಾರೆ, ಕಾಯಿಲೆ ಎಂದರೆ ಸುಳ್ಳು ಎನ್ನುತ್ತಾರೆ. ಒಂದೇ ಒಂದು ಸಲ ಬರುವಷ್ಟು ಹಣ ಮತ್ತು ರಜೆ ಇರುವವನು ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ, ಮಂಚಕ್ಕೆ ಬಾ ಎಂದೇ ನಾವು ಹೇಳುತ್ತೇವೆ. ಮಣ್ಣು ಕೊಡಲು ಊರಿದೆ. ಗಂಜಿ ಕುಡಿಸುವಾಗ ಆ ಮುಖವನ್ನೇ ಬೇಕೆನ್ನುವ ತಾಯಿಗೆ ಬೇರೆಯವರು ಮಗ ಆಗಲಾರರು. ಇದನ್ನು ಒಪ್ಪದವರೂ ನಮ್ಮೊಳಗೆ ಇದ್ದಾರೆ. ಸಮಾಧಿಯ ಬಳಿ ನಿಲ್ಲದ ಮಗನ ದುಃಖ ವರ್ಷಗಟ್ಟಲೆ ಹಣ್ಣಾಗದ ಹುಣ್ಣಿನಂತೆ ಉಳಿಯುತ್ತದೆ ಎನ್ನುವ ಅವರ ಮಾತಿನಲ್ಲೂ ಹುರುಳಿದೆ. ಹೀಗೆ ಬಂದು ಹೋದವನು ಮುಂದೆ ಮಣ್ಣಿಗೆ ಬಾರದಿದ್ದರೆ, ಅವನ ಬೆನ್ನ ಹಿಂದೆ ಮಾತಾಡದಿರುವುದು ಊರಿನ ಪಾಲಿನ ಕೆಲಸ.

ಊರಿನ ಪಾಲು ಎಂದಾಗ ಸಮಾರಿಯದವನ ಸಾಮತಿ ನೆನಪಾಗುತ್ತದೆ. ಜೆರುಸಲೇಮಿನಿಂದ ಜೆರಿಕೋಗೆ ಮೂವತ್ತು ಕಿ.ಮೀ.ಗೂ ಕಡಿಮೆ ಇಳಿಜಾರಿನ ದಾರಿ. ಬಿದ್ದವನ ಹತ್ತಿರ ಯಾಜಕ ಬಂದಾಗ ಇಬ್ಬರ ನಡುವಿನ ದೂರ ನಾಲ್ಕು ಹೆಜ್ಜೆ, ಲೇವಿಯನು ಬಂದಾಗಲೂ ಅಷ್ಟೇ. ಯಾರಿಗೂ ಟಿಕೆಟ್ಟು ಬೇಕಿರಲಿಲ್ಲ. ಪರದೇಶದ ಮಗನ ಮೇಲೆ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವ ನಾವು, ಅದೇ ಓಣಿಯ ಅದೇ ತಾಯಿಯ ಬಾಗಿಲಿಗೆ ಕಳೆದ ವಾರ ಎಷ್ಟು ಸಲ ಹೋದೆವು? ಜತ್ತದಂಥ ತಾಲೂಕಿನಲ್ಲಿ ನಮ್ಮವರ ಮನೆಗಳೇ ಕೆಲವು. ಅದರಲ್ಲೂ ಕನ್ನಡವೊಂದೇ ಬಲ್ಲ ಮುದುಕಿಗೆ, ಮರಾಠಿಯ ಬಲಿಪೂಜೆ ಮುಗಿದ ಮೇಲೆ ಹತ್ತು ನಿಮಿಷ ಅವಳ ಮಾತಿನಲ್ಲಿ ಮಾತಾಡುವವರು ಸಿಕ್ಕರೆ, ಯಾವ ವಿಮಾನವೂ ತಾರದ ಹತ್ತಿರ ಅದು.

ಕಡೆಯದಾಗಿ, ಕಾಯುವ ಮಾತು. ಮಗ ಬರುವವರೆಗೆ ಮಣ್ಣು ಮಾಡದೆ ಇಡಬೇಕೆ? ಮೊದಲು ಈ ಬಿಸಿಲು ಸೀಮೆಯಲ್ಲಿ ಅಂಥ ಆಯ್ಕೆ ಇರಲಿಲ್ಲ. ಸಂಜೆಯೊಳಗೆ ಇಲ್ಲವೇ ಮರುದಿನ ಮುಗಿಯುತ್ತಿತ್ತು. ಈಗ ಬಾಡಿಗೆಗೆ ಫ್ರೀಜರ್ ಪೆಟ್ಟಿಗೆ ಬರುತ್ತದೆ. ಅದರೊಂದಿಗೆ ಜಗಳವೂ ಬರುತ್ತದೆ: ಒಬ್ಬ ಅಣ್ಣ ನಾಳೆ ಎನ್ನುತ್ತಾನೆ, ಇನ್ನೊಬ್ಬ ಫೋನಿನಲ್ಲಿ ಅಳುತ್ತಾ ಮೂರು ದಿನ ಎನ್ನುತ್ತಾನೆ, ಅಕ್ಕ ಇಬ್ಬರ ನಡುವೆ ಒದ್ದಾಡುತ್ತಾಳೆ. ಟಿಕೆಟ್ಟು ಕೈಯಲ್ಲಿದ್ದು ಹೊರಟವನಿಗಾಗಿ ಒಂದೂವರೆ ದಿನ ಕಾಯುವುದು ನ್ಯಾಯ ಎಂದು ನಮಗೆ ಅನಿಸುತ್ತದೆ. ಇನ್ನೂ ರಜೆ ಕೇಳುತ್ತಿರುವವನಿಗಾಗಿ ನಾಲ್ಕು ದಿನ ಮನೆಯವರನ್ನೆಲ್ಲ ಜಾಗರಣೆಗೆ ಕೂರಿಸುವುದು ಕಷ್ಟ. ಆದರೆ ಇದರಲ್ಲಿ ನಮ್ಮ ಅಭಿಪ್ರಾಯಕ್ಕಿಂತ ಮುಖ್ಯವಾದ ಒಂದು ಅಭಿಪ್ರಾಯ ಇದೆ, ಅದನ್ನು ಬಹಳ ಮನೆಗಳಲ್ಲಿ ಯಾರೂ ಕೇಳಿರುವುದಿಲ್ಲ. ಮಂಚದ ಮೇಲಿರುವವರು ಇನ್ನೂ ಮಾತಾಡುತ್ತಿರುವಾಗಲೇ ಕೇಳಬಹುದು. ಒಬ್ಬ ಅಜ್ಜಿ “ನನ್ನ ಮಗ ಬರೂತನಾ ಕಾಯ್ರಿ” ಎಂದಾಳು. ಪಕ್ಕದ ಮನೆಯ ಅಜ್ಜಿ “ಸತ್ತ ಮ್ಯಾಲೆ ಬಂದು ಏನ್ ಮಾಡ್ತಾನ, ಈಗ ಫೋನ್ ಹಚ್ಚಿ ಕೊಡ್ರಿ” ಎಂದಾಳು. ಆಗ ಫೋನು ಹಚ್ಚಿ ಕೊಡಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡುರಾತ್ರಿಯಾಗಿದ್ದರೂ ಅಡ್ಡಿಯಿಲ್ಲ.